ಸೋಲೂರು ದಾಟಿದ ಮೇಲೆ ನಡುಗಿದ ಹ್ಯಾಂಡಲ್

ಬೆಳಗ್ಗೆ ಆರೂವರೆಗೆ ಕುಣಿಗಲ್ ರಸ್ತೆಯಲ್ಲಿ ಲಾರಿಗಳೇ ಜಾಸ್ತಿ. ನೆಲಮಂಗಲದಲ್ಲಿ ಹಾಸನದ ಕಡೆ ತಿರುಗಿದ ಮೇಲೆ ರಸ್ತೆ ಸ್ವಲ್ಪ ಬಿಡುವಾಗುತ್ತದೆ, ಗಾಡಿಗೆ ವೇಗ ಬರುತ್ತದೆ. ನಾನೂ ನನ್ನ ಗೆಳೆಯನೂ ಎರಡು ಬೈಕಿನಲ್ಲಿ ಹೊರಟಿದ್ದೆವು. ಯಡಿಯೂರಿನಲ್ಲಿ ದೇವಸ್ಥಾನಕ್ಕೆ ಹೋಗಿ, ತಿಂಡಿ ಮುಗಿಸಿ, ಅಲ್ಲಿಂದ ಚನ್ನರಾಯಪಟ್ಟಣದ ಹತ್ತಿರ ಇರುವ ಅವನ ಊರಿಗೆ ಹೋಗುವ ಯೋಚನೆ. ನನ್ನ ಗಾಡಿಯ ಹಿಂದೆ ಟಾಪ್ ಬಾಕ್ಸ್ ಇತ್ತು. ಅದರಲ್ಲಿ ಬಟ್ಟೆ, ಅವರಮ್ಮನಿಗೆ ಅಂತ ತಗೊಂಡ ದೊಡ್ಡ ಕುಕ್ಕರು, ಎರಡು ಡಬ್ಬ ಸಿಹಿ.

ಸೋಲೂರು ದಾಟಿದ ಮೇಲೆ ಒಂದು ಲಾರಿಯನ್ನು ಓವರ್‌ಟೇಕ್ ಮಾಡಿದೆ. ಸ್ಪೀಡೋಮೀಟರ್ 80ರ ಆಸುಪಾಸಿನಲ್ಲಿತ್ತು. ಲಾರಿಯ ಮರೆ ಕಳೆದು ಮುಂದೆ ಬರುತ್ತಿದ್ದ ಹಾಗೆ ಗಾಳಿ ಒಮ್ಮೆ ಪಕ್ಕಕ್ಕೆ ತಳ್ಳಿತು. ಅದೇ ಹೊತ್ತಿಗೆ ಒಂದು ಸಣ್ಣ ಸೇತುವೆಯ ಜಾಯಿಂಟ್ ಮೇಲೆ ಮುಂದಿನ ಚಕ್ರ ಎಗರಿತು. ಎಗರಿ ಕೆಳಗಿಳಿದದ್ದು ನೆಟ್ಟಗೆ ಕೂರಲಿಲ್ಲ. ಮೊದಲು ಅಂಗೈಯಲ್ಲಿ ಗುರ್ ಅನ್ನುವ ಸಣ್ಣ ನಡುಕ. ಏನಿದು ಅಂತ ಯೋಚಿಸುವಷ್ಟರಲ್ಲಿ ಹ್ಯಾಂಡಲ್ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ ಅಂತ ಹೊಡೆದುಕೊಳ್ಳತೊಡಗಿತು. ಕನ್ನಡಿಯಲ್ಲಿ ರಸ್ತೆಯೇ ಕಾಣಲಿಲ್ಲ, ಎಲ್ಲ ಕಲಸಿಹೋಗಿತ್ತು. ಟ್ಯಾಂಕಿನ ಮೇಲಿದ್ದ ಮೊಬೈಲ್ ಪೌಚ್ ಎತ್ತಲೋ ಹಾರಿಹೋಯಿತು.

ಆಗ ಮನಸ್ಸಿಗೆ ಬರುವುದು ಎರಡೇ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ನಿಲ್ಲಿಸಬೇಕು, ಬ್ರೇಕ್ ಒತ್ತಬೇಕು. ಎರಡೂ ಅಪಾಯ. ಸೆಕೆಂಡಿಗೆ ಆರೆಂಟು ಸಲ ಆಡುವ ಹ್ಯಾಂಡಲನ್ನು ತಡೆಯುವಷ್ಟು ಬೇಗ ಮನುಷ್ಯನ ಕೈ ಓಡುವುದಿಲ್ಲ. ಎಡಕ್ಕೆ ತಳ್ಳಬೇಕು ಅಂದುಕೊಳ್ಳುವಷ್ಟರಲ್ಲಿ ಅದು ಬಲ ಮುಗಿಸಿ ತಾನೇ ಎಡಕ್ಕೆ ಬಂದಿರುತ್ತದೆ. ನಾವು ತಳ್ಳಿದ್ದು ಅದಕ್ಕೇ ಬಲ ಕೊಡುತ್ತದೆ. ಬ್ರೇಕ್ ಒತ್ತಿದರೆ ಭಾರವೆಲ್ಲ ಆ ನಡುಗುವ ಚಕ್ರದ ಮೇಲೇ ಬೀಳುತ್ತದೆ. ಹಿಂದೆ ಒಬ್ಬ ಹಿರಿಯ ರೈಡರ್ ಹೇಳಿಕೊಟ್ಟದ್ದು ಆ ಹೊತ್ತಿಗೆ ನೆನಪಾಯಿತು, ಪುಣ್ಯ. ಹ್ಯಾಂಡಲ್ ಬಿಡಬಾರದು, ಅದರ ಜೊತೆ ಗುದ್ದಾಡಲೂಬಾರದು. ಮಂಡಿಯಿಂದ ಟ್ಯಾಂಕನ್ನು ಒತ್ತಿ ಹಿಡಿಯಬೇಕು. ಮೈಯನ್ನು ಮುಂದಕ್ಕೆ ಬಾಗಿಸಬೇಕು. ಆಕ್ಸಿಲರೇಟರನ್ನು ಪಟ್ಟಂತ ಬಿಡದೆ ನಿಧಾನವಾಗಿ ಇಳಿಸಬೇಕು. ಹಾಗೇ ಮಾಡಿದೆ. ವೇಗ ಇಳಿಯುತ್ತಾ ಬಂತು, ಹೊಡೆತ ಸಣ್ಣದಾಯಿತು, ಕೊನೆಗೆ ನಿಂತಿತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು, ಯಾಕಂದ್ರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಗಾಡಿ ಸರಿಹೋಯಿತು ಅಂತ ಪಕ್ಕಕ್ಕೆ ತಗೊಂಡು ಮುಂದಿನ ಬ್ರೇಕ್ ಹಿಡಿದರೆ ಲಿವರ್ ಸಲೀಸಾಗಿ ಗ್ರಿಪ್‌ನ ಹತ್ತಿರದವರೆಗೂ ಬಂತು. ಬ್ರೇಕೇ ಇಲ್ಲ! ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಹಿಡಿಯಿತು. ಚಕ್ರ ಆ ಪರಿ ಅಲ್ಲಾಡಿದಾಗ ಡಿಸ್ಕು ಬ್ರೇಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಅವು ಮತ್ತೆ ಡಿಸ್ಕಿಗೆ ತಾಗುವವರೆಗೆ ಲಿವರ್ ಖಾಲಿ ಹೋಗುತ್ತದೆ. ರೇಸ್ ಓಡಿಸುವವರಿಗೆ ಇದು ಗೊತ್ತು. ಹೈವೇಯಲ್ಲಿ ಹೋಗುವ ನಮ್ಮಂಥವರಿಗೂ ಗೊತ್ತಿರಬೇಕು.

ಹಿಂದೆ ಬರುತ್ತಿದ್ದ ಗೆಳೆಯ ಗಾಡಿ ನಿಲ್ಲಿಸಿ ಓಡಿಬಂದ. "ಮಗಾ, ನಿನ್ನ ಮೊಣಕೈ ಎರಡೂ ಕುಣೀತಿದ್ವು. ಬಿದ್ದೇ ಹೋದೆ ಅಂದ್ಕೊಂಡೆ ಕಣೋ" ಅಂದ. ಅವನ ಮುಖ ನನ್ನ ಮುಖಕ್ಕಿಂತ ಬಿಳಿಚಿಕೊಂಡಿತ್ತು. ರಸ್ತೆ ಬದಿಯ ಹೋಟೆಲಿನಲ್ಲಿ ಟೀ ಕುಡಿದು, ಕುಕ್ಕರನ್ನು ಅವನ ಗಾಡಿಗೆ ಕಟ್ಟಿದೆವು. ಅವರಮ್ಮನಿಗೆ ಫೋನ್ ಮಾಡಿ "ಮುಂದಿನ ವಾರ ಬರ್ತೀವಮ್ಮ" ಅಂದು ಬೆಂಗಳೂರಿಗೇ ವಾಪಸ್ ಹೊರಟೆವು. 50ರ ಮೇಲೆ ಹೋಗಲಿಲ್ಲ.

ನೇರ ಕಾಮಾಕ್ಷಿಪಾಳ್ಯದ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಅಣ್ಣ ಸಮಾಧಾನದ ಮನುಷ್ಯ. ಸ್ಪ್ಯಾನರ್ ಮುಟ್ಟುವ ಮೊದಲು ಪ್ರಶ್ನೆ ಕೇಳುತ್ತಾರೆ. ಎಷ್ಟು ಸ್ಪೀಡಲ್ಲಿ ಆಯ್ತು? ಹಿಂದೆ ಭಾರ ಇತ್ತಾ? ಬರೀ ಹ್ಯಾಂಡಲ್ ಆಡ್ತಾ, ಇಡೀ ಗಾಡಿ ಓಲಾಡ್ತಾ? ಈ ಕೊನೆಯ ಪ್ರಶ್ನೆ ಮುಖ್ಯ. ಹ್ಯಾಂಡಲ್ ಮಾತ್ರ ಸೆಕೆಂಡಿಗೆ 6ರಿಂದ 9 ಸಲ ಹೊಡೆದುಕೊಳ್ಳುವುದು ಒಂದು ಕಾಯಿಲೆ. ಇಡೀ ಗಾಡಿ ಸೆಕೆಂಡಿಗೆ ಎರಡು ಮೂರು ಸಲ ನಿಧಾನಕ್ಕೆ ಅತ್ತಿತ್ತ ಓಲಾಡುವುದು ಬೇರೆಯದೇ ಕಾಯಿಲೆ. ಅದು ಹೆಚ್ಚಾಗಿ ತುಂಬಾ ವೇಗದಲ್ಲಿ ಕಾಣಿಸಿಕೊಳ್ಳುತ್ತದೆ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್, ಹಿಂದಿನ ಟೈರ್, ಹಿಂದಿನ ಭಾರ ಇವುಗಳ ಕಡೆ ನೋಡಬೇಕಾಗುತ್ತದೆ. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ವಿಷವಾಗಬಹುದು.

ಎಂಜಿನ್ ಕೆಳಗೆ ಜಾಕ್ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿದರು. "ಎರಡು ಬೆರಳಲ್ಲಿ ಹಿಡ್ಕೊಂಡು ನಿಧಾನಕ್ಕೆ ತಿರುಗಿಸಿ ಸಾರ್" ಅಂದರು. ಎಡ ತುದಿಯಿಂದ ಬಲಕ್ಕೆ ತಿರುಗಿಸಿದೆ. ನುಣ್ಣಗೆ ಬರುತ್ತಿದ್ದ ಹ್ಯಾಂಡಲ್ ಸರಿಯಾಗಿ ನಡುವೆ ಬಂದಾಗ ಕಟಕ್ ಅಂತ ಒಂದು ಗುಳಿಯಲ್ಲಿ ಕೂತಿತು. ಸ್ವಲ್ಪ ಒತ್ತಿದರೆ ಗುಳಿಯಿಂದ ಎದ್ದು ಮುಂದೆ ಹೋಯಿತು. ವಾಪಸ್ ತಂದರೆ ಮತ್ತೆ ಅದೇ ಜಾಗದಲ್ಲಿ ಕಟಕ್. ಆಮೇಲೆ ಅಣ್ಣ ನೆಲದ ಮೇಲೆ ಕೂತು ಫೋರ್ಕಿನ ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದರು. ನನ್ನ ಬೆರಳನ್ನು ಮೇಲೆ ಹ್ಯಾಂಡಲಿನ ಬುಡದಲ್ಲಿ ಇಡಿಸಿದರು. ಕೂದಲೆಳೆಯಷ್ಟು ಪ್ಲೇ, ಅಂದರೆ ಸಡಿಲ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ.

"ಕೋನ್ ಸೆಟ್ ಹೋಗಿದೆ. ಇದ್ರ ಮೇಲೆ ಟೈರೂ ಸರಿ ಇಲ್ಲ, ನೋಡಿ."

ಕೋನ್ ಸೆಟ್ ಅಂದರೆ ಹ್ಯಾಂಡಲ್ ತಿರುಗುವ ಕಂಬದ ಬೇರಿಂಗ್. ಟೈರಿನ ಮೇಲೆ ಅಂಗೈ ಆಡಿಸಿದೆ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗರ. ಅಲೆ ಅಲೆಯಾಗಿ ಸವೆದಿತ್ತು. ಚಕ್ರವನ್ನು ತಿರುಗಿಸಿ ಬಿಟ್ಟರೆ ಪ್ರತಿ ಸಲವೂ ಒಂದೇ ಜಾಗ ಕೆಳಗೆ ಬಂದು ನಿಲ್ಲುತ್ತಿತ್ತು, ಅಂದರೆ ಬ್ಯಾಲೆನ್ಸ್ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕೋನ್ ಸೆಟ್ ಬಿಚ್ಚಿ ಬಟ್ಟೆಯ ಮೇಲೆ ಇಟ್ಟರು. ಗ್ರೀಸ್ ಕಪ್ಪಾಗಿ ಗಟ್ಟಿಯಾಗಿತ್ತು. ಒರೆಸಿದ ಮೇಲೆ ಕೆಳಗಿನ ರೇಸಿನಲ್ಲಿ, ಅಂದರೆ ಬೇರಿಂಗಿನ ಗುಂಡುಗಳು ಕೂರುವ ಬಳೆಯಲ್ಲಿ, ಸಾಲಾಗಿ ಚಿಕ್ಕ ಚಿಕ್ಕ ಗುಳಿಗಳು ಕಂಡವು. ಉಗುರು ಎಳೆದರೆ ಒಂದೊಂದೂ ತಡೆಯುತ್ತಿತ್ತು. ನಾವು ಹೆಚ್ಚಿನ ಹೊತ್ತು ನೆಟ್ಟಗೇ ಓಡಿಸುತ್ತೇವೆ ಅಲ್ವಾ? ರಸ್ತೆಯ ಪ್ರತಿ ಗುಂಡಿಯ ಏಟೂ ಬೇರಿಂಗಿನ ಅದೇ ಜಾಗಕ್ಕೆ ಬೀಳುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ದಿನಾ ಓಡಾಡುವ ಗಾಡಿಗೆ ಇದು ಆಗಲೇಬೇಕಾದದ್ದು. ಸರ್ವೀಸಿಗೆ ಬಿಟ್ಟಾಗ ಆಯಿಲ್ ಬದಲಾಯಿಸಿ, ಚೈನ್ ಟೈಟ್ ಮಾಡಿ, ವಾಟರ್ ವಾಶ್ ಮಾಡಿ ಕೊಡುತ್ತಾರೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿ ನೋಡುವವರು ಅಪರೂಪ. ಎರಡು ನಿಮಿಷದ ಕೆಲಸ ಇದು. ನನಗೆ ಈಗಲೂ ಕೋಪ ಬರುತ್ತದೆ.

ಗೆಳೆಯ ಅವಸರದಲ್ಲಿದ್ದ. "ಅಣ್ಣ, ಬದಲಾಯಿಸೋ ಬದ್ಲು ಟೈಟ್ ಮಾಡಿದ್ರೆ ಆಗಲ್ವಾ?" ಅಂದ. ಅಣ್ಣ ತಲೆ ಅಲ್ಲಾಡಿಸಿದರು. "ಟೈಟ್ ಮಾಡಿದ್ರೆ ನಡುಕ ನಿಂತಂಗೆ ಕಾಣುತ್ತೆ. ಆದ್ರೆ ಹ್ಯಾಂಡಲ್ ತಾನಾಗೇ ಸೆಂಟರಿಗೆ ಬರಲ್ಲ. ಗಾಡಿ ರೋಡ್ ತುಂಬ ಓಲಾಡುತ್ತೆ. ಅದು ಇನ್ನೂ ಕೆಟ್ಟದ್ದು." ಜೆ.ಸಿ. ರಸ್ತೆಯಿಂದ ಟೇಪರ್ ರೋಲರ್ ಬೇರಿಂಗ್ ತರಿಸಿ ಹಾಕಿದರು. ಮುಂದಿನ ಟೈರ್ ಹೊಸದು. ಬ್ಯಾಲೆನ್ಸ್ ಮಾಡಿಸಿದೆವು.

ಹ್ಯಾಂಡಲಿನ ಹೊಡೆತವನ್ನು ತಡೆಯುವ ಡ್ಯಾಂಪರಿನ ಮಾತು ಶುರುವಾದದ್ದು ಸಂಜೆ, ಮುರುಗೇಶಪಾಳ್ಯದಲ್ಲಿರುವ ದೊಡ್ಡಪ್ಪನ ಮನೆಯಲ್ಲಿ. ಅವರು ಎಚ್‌ಎಎಲ್‌ನಲ್ಲಿ ವಿಮಾನ ರಿಪೇರಿ ಮಾಡಿ ನಿವೃತ್ತರಾದವರು. ವಿಷಯ ಕೇಳಿದ ಕೂಡಲೇ ದೊಡ್ಡಮ್ಮ ಬೈಕೇ ಬೇಡ ಅಂದರು. ದೊಡ್ಡಪ್ಪ ಮಾತ್ರ ಕಣ್ಣರಳಿಸಿ, "ಇದು ಶಿಮ್ಮಿ ಕಣಪ್ಪ! ವಿಮಾನದ ಮೂಗಿನ ಚಕ್ರಕ್ಕೂ ಬರುತ್ತೆ. ಅದಕ್ಕೇ ಅಲ್ಲಿ ಶಿಮ್ಮಿ ಡ್ಯಾಂಪರ್ ಅಂತ ಹಾಕಿರ್ತಾರೆ. ಅದು ಸೋರಿದ್ರೆ ಇಳಿಯುವಾಗ ಇಡೀ ವಿಮಾನ ಗಡಗಡ ಅನ್ನುತ್ತೆ" ಅಂದರು. ಸೂಪರ್ ಮಾರ್ಕೆಟಿನ ಟ್ರಾಲಿಯ ಮುಂದಿನ ಚಕ್ರ ಜೋರಾಗಿ ತಳ್ಳಿದಾಗ ಪಟಪಟ ಆಡುವುದೂ ಇದೇ ಅಂತೆ. ಕಾಗದ ತಗೊಂಡು ಬರೆದು ತೋರಿಸಿದರು. ಹ್ಯಾಂಡಲ್ ತಿರುಗುವ ಕಂಬದ ಗೆರೆಯನ್ನು ನೆಲದವರೆಗೆ ಎಳೆದರೆ, ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಅದು ಸ್ವಲ್ಪ ಮುಂದೆ ಬೀಳುತ್ತದೆ. ಆ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ. ರಸ್ತೆ ಬೈಕುಗಳಲ್ಲಿ ಸಾಮಾನ್ಯವಾಗಿ 100 ಮಿಲಿಮೀಟರಿನ ಆಸುಪಾಸು. ಚಕ್ರ ಪಕ್ಕಕ್ಕೆ ತಿರುಗಿದರೆ ಈ ಟ್ರೇಲ್ ಅದನ್ನು ನಡುವಿಗೆ ಎಳೆದು ತರುತ್ತದೆ. ಎಳೆದು ತಂದದ್ದು ನಡುವೆ ನಿಲ್ಲದೆ ಆಚೆ ಹೋದರೆ? ಮತ್ತೆ ಎಳೆಯುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಕಡಿಮೆಯಾದರೆ ನಮಗೆ ಗೊತ್ತೇ ಆಗುವುದಿಲ್ಲ. ಸ್ವಲ್ಪ ಸ್ವಲ್ಪ ಜಾಸ್ತಿಯಾದರೆ ಹ್ಯಾಂಡಲ್ ಟ್ಯಾಂಕಿಗೆ ಬಡಿಯುವವರೆಗೂ ಹೋಗುತ್ತದೆ. ಅದಕ್ಕೆ ಬೇಕಾದ ಶಕ್ತಿ ಗಾಡಿಯ ಓಟದಿಂದಲೇ ಸಿಗುತ್ತದೆ. ಸಡಿಲ ಬೇರಿಂಗ್, ಹಾಳಾದ ಟೈರ್, ಹಿಂದೆ ಭಾರ ಬಿದ್ದು ಹಗುರಾದ ಮುಂಭಾಗ, ಇವೆಲ್ಲ ಸೇರಿದರೆ ಒಂದು ಜಾಯಿಂಟ್ ಸಾಕು.

ದೊಡ್ಡಪ್ಪನ ಹಳೇ ಜಾವಾದಲ್ಲಿ ಹ್ಯಾಂಡಲಿನ ನಡುವೆ ಒಂದು ತಿರುಪು ಇತ್ತು. ಮೈಸೂರಿನಲ್ಲಿ 1961ರಿಂದ ತಯಾರಾದ ಆ ಗಾಡಿಗಳನ್ನು ನೋಡಿದವರಿಗೆ ನೆನಪಿರುತ್ತದೆ. ಚಿಕ್ಕಂದಿನಲ್ಲಿ ನಾವು ಅದನ್ನು ಸುಮ್ನೆ ತಿರುಗಿಸಿ ಆಡುತ್ತಿದ್ದೆವು. ಅದೇ ಸ್ಟೀರಿಂಗ್ ಡ್ಯಾಂಪರ್. ಹಳೇ ಬುಲೆಟ್‌ಗಳಲ್ಲೂ ಇರುತ್ತಿತ್ತು. ಬಿಗಿ ಮಾಡಿದರೆ ಒಳಗಿನ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಹ್ಯಾಂಡಲನ್ನು ತಡೆಯುತ್ತವೆ. ಅದರ ತೊಂದರೆ ಏನೆಂದರೆ ಮೆಲ್ಲಗೆ ತಿರುಗಿಸಿದರೂ ತಡೆಯುತ್ತದೆ, ಜೋರಾಗಿ ಹೊಡೆದರೂ ಅಷ್ಟೇ ತಡೆಯುತ್ತದೆ.

ಈಗಿನ ಆಯಿಲ್ ಡ್ಯಾಂಪರಿನ ಹೆಚ್ಚುಗಾರಿಕೆ ಅಲ್ಲಿದೆ. ಕೊಳವೆಯೊಳಗೆ ಆಯಿಲ್, ಅದರಲ್ಲಿ ಹ್ಯಾಂಡಲ್ ಜೊತೆ ಓಡುವ ರಾಡಿಗೆ ಸೇರಿದ ಪಿಸ್ಟನ್, ಆಯಿಲ್ ನುಸುಳಿಹೋಗಲು ಸಣ್ಣ ದಾರಿ. ತುಂಬಿದ ನೀರಿನ ಡ್ರಮ್ಮಿನಲ್ಲಿ ಕೈಯನ್ನು ಮೆಲ್ಲಗೆ ಆಡಿಸಿದರೆ ನೀರು ದಾರಿ ಬಿಡುತ್ತದೆ, ಬೀಸಿ ಹೊಡೆದರೆ ತಡೆಯುತ್ತದೆ, ಇದೂ ಹಾಗೇ. ತಿರುವಿನಲ್ಲಿ ನಾವು ತಿರುಗಿಸುವ ನಿಧಾನದ ಹ್ಯಾಂಡಲಿಗೆ ಅಡ್ಡಿ ಕಡಿಮೆ. ಸೆಕೆಂಡಿಗೆ ಎಂಟು ಸಲದ ಹೊಡೆತಕ್ಕೆ ಅಡ್ಡಿ ಜಾಸ್ತಿ. ದೊಡ್ಡ ಕಂಪನಿಗಳೂ ಇದನ್ನು ನೆಚ್ಚಿಕೊಂಡಿವೆ. 1997ರಲ್ಲಿ ಬಂದ ಸುಜುಕಿ ಟಿಎಲ್ 1000 ಎಸ್ ಗಾಡಿಯ ಹ್ಯಾಂಡಲ್ ಹೊಡೆದುಕೊಳ್ಳುತ್ತದೆ ಅನ್ನುವ ದೂರುಗಳು ಬಂದಾಗ ಕಂಪನಿಯೇ ಡ್ಯಾಂಪರ್ ಹಾಕಿಕೊಟ್ಟಿತು. 2004ರ ಹೋಂಡಾ ಸಿಬಿಆರ್ 1000 ಆರ್‌ಆರ್‌ನಲ್ಲಿ ವೇಗ ನೋಡಿಕೊಂಡು ತಾನೇ ಬಿಗಿಯಾಗುವ ಎಲೆಕ್ಟ್ರಾನಿಕ್ ಡ್ಯಾಂಪರ್ ಬಂತು.

ರಿಪೇರಿ ಆದ ಮೇಲೆ ನನ್ನ ಗಾಡಿ ನೆಟ್ಟಗಾಯಿತು. ಆದರೂ ಪೀಣ್ಯ ಫ್ಲೈಓವರಿನಲ್ಲಿ ಆಕ್ಸಿಲರೇಟರ್ ಕೊಟ್ಟುಕೊಂಡು ಜಾಯಿಂಟ್ ದಾಟಿದರೆ ಹ್ಯಾಂಡಲ್ ಒಮ್ಮೆ ತಲೆ ಕೊಡವಿ ಸುಮ್ಮನಾಗುತ್ತಿತ್ತು. ಅದು ಕಾಯಿಲೆಯಲ್ಲ, ಚುರುಕು ಹ್ಯಾಂಡಲಿನ ಗಾಡಿಗಳ ಗುಣ. ಡ್ಯಾಂಪರ್ ಬೇಕಾಗುವುದು ಇಂಥ ಕಡೆ. ಅದಕ್ಕೇ ಹಾಕಿಸಿದೆ. ಕೋನ್ ಸೆಟ್ ಬದಲಾಯಿಸುವ ಮೊದಲೇ ಹಾಕಿಸಿದ್ದರೆ ನಡುಕ ಮುಚ್ಚಿಹೋಗುತ್ತಿತ್ತು, ಒಳಗೆ ಗುಳಿ ದೊಡ್ಡದಾಗುತ್ತಿತ್ತು.

ಹಾಕಿಸುವುದೂ ಸಣ್ಣ ಕೆಲಸವಲ್ಲ. ಬ್ರ್ಯಾಕೆಟ್ಟನ್ನು ಕಾಮಾಕ್ಷಿಪಾಳ್ಯದಲ್ಲೇ ಲೇತ್‌ನವರಿಂದ ಮಾಡಿಸಿದೆವು. ಅಣ್ಣ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ರಾಡ್ ಎಷ್ಟು ಓಡುತ್ತದೆ ಅಂತ ಮತ್ತೆ ಮತ್ತೆ ಅಳೆದರು. ಹ್ಯಾಂಡಲ್ ಪೂರ್ತಿ ತಿರುಗುವ ಮೊದಲೇ ಡ್ಯಾಂಪರಿನ ರಾಡ್ ಮುಗಿದುಹೋದರೆ, ಸಿಗ್ನಲ್‌ನಲ್ಲಿ ಯೂ ಟರ್ನ್ ಮಾಡುವಾಗ ಹ್ಯಾಂಡಲ್ ಅರ್ಧಕ್ಕೇ ನಿಂತು ಬೀಳುತ್ತೇವೆ. ಅಗ್ಗದ ಡ್ಯಾಂಪರುಗಳನ್ನು ಕೊಂಡು ಅಂದಾಜಿನ ಮೇಲೆ ಕೂರಿಸುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಬಿಗಿತವೂ ಹಾಗೇ. ಪೂರ್ತಿ ಬಿಗಿ ಮಾಡಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಹೋಗಿ ನೋಡಿ. ನಡಿಗೆಯ ವೇಗದಲ್ಲಿ ಬ್ಯಾಲೆನ್ಸ್ ಇಡಲು ಹ್ಯಾಂಡಲನ್ನು ಪುಟ್ಟ ಪುಟ್ಟದಾಗಿ, ಬೇಗ ಬೇಗ ಆಡಿಸುತ್ತಿರಬೇಕು. ಡ್ಯಾಂಪರ್ ಅದನ್ನೇ ತಡೆಯುತ್ತದೆ. ಹೈವೇಯಲ್ಲೂ ಅತಿ ಬಿಗಿ ಬೇಡ, ಅಣ್ಣ ಹೇಳಿದ ಆ ಓಲಾಟ ಅದರಿಂದಲೂ ಬರುತ್ತದೆ. ಊರೊಳಗೆ ನಾನು ಪೂರ್ತಿ ಸಡಿಲ ಬಿಡುತ್ತೇನೆ. ನೆಲಮಂಗಲ ಟೋಲ್ ಹತ್ತಿರ ನಿಲ್ಲಿಸಿ ಸ್ವಲ್ಪ ಬಿಗಿ ಮಾಡುತ್ತೇನೆ. ರಾಡಿನ ಸೀಲ್ ಹತ್ತಿರ ಆಯಿಲ್ ಒಸರಿದೆಯಾ ಅಂತ ಬೆರಳಿನಿಂದ ಒರೆಸಿ ನೋಡುವುದೂ ಅಲ್ಲೇ.

ಭಾರದ ಸಾಮಾನು ಈಗ ಟಾಪ್ ಬಾಕ್ಸಿಗೆ ಹೋಗುವುದಿಲ್ಲ, ಟ್ಯಾಂಕ್ ಬ್ಯಾಗಿಗೆ ಮತ್ತು ಕೆಳಗಿನ ಪಕ್ಕದ ಚೀಲಗಳಿಗೆ ಹೋಗುತ್ತದೆ. ಗೆಳೆಯನಿಗೂ ಡ್ಯಾಂಪರ್ ಬೇಕಂತೆ. "ತರಿಸಿಬಿಡು ಮಗಾ, ದುಡ್ಡು ಕೊಡ್ತೀನಿ" ಅನ್ನುತ್ತಿದ್ದಾನೆ. ಅವನ ಗಾಡಿಯ ಕೋನ್ ಸೆಟ್ಟನ್ನು ಇದುವರೆಗೆ ಯಾರೂ ಬಿಚ್ಚಿಲ್ಲ. ಶನಿವಾರ ಗ್ಯಾರೇಜಿಗೆ ಬಾ, ಮೊದಲು ಮುಂದಿನ ಚಕ್ರ ಎತ್ತಿ ನೋಡೋಣ ಅಂದಿದ್ದೇನೆ.