ಅಗಲದ ಬಿಳಿ ಮೇಲಿರಬೇಕು

ಇವತ್ತು ಒಂದು ಫೋಟೋದಲ್ಲಿ ಬ್ರಿಟನ್ನಿನ ಬಾವುಟ ಯೂನಿಯನ್ ಜಾಕ್ ತಲೆಕೆಳಗಾಗಿ ಹಾರ್ತಿತ್ತು. ಥಟ್ಟನೆ ನೋಡಿದರೆ ಗೊತ್ತೇ ಆಗಲ್ಲ.

ಪತ್ತೆ ಮಾಡೋದು ಹೀಗೆ: ಕಂಬದ ಪಕ್ಕದ ಮೇಲಿನ ಮೂಲೆ ನೋಡಿ. ಅಲ್ಲಿ ಓರೆ ಕೆಂಪು ಪಟ್ಟಿಯ ಮೇಲೆ ಅಗಲದ ಬಿಳಿ, ಕೆಳಗೆ ಸಣ್ಣ ಬಿಳಿ ಇರಬೇಕು. ಬಾವುಟದ ಎತ್ತರ 30 ಭಾಗ ಅಂದ್ಕೊಳ್ಳಿ. ಅಗಲದ ಬಿಳಿ 3, ಕೆಂಪು 2, ಸಣ್ಣ ಬಿಳಿ 1.

ಈ 3-2-1ರಲ್ಲೇ ಇರೋದು ಇತಿಹಾಸ.

1606ರಲ್ಲಿ ಇಂಗ್ಲೆಂಡಿನ ಕೆಂಪು ಶಿಲುಬೆಯನ್ನು ಸ್ಕಾಟ್ಲೆಂಡಿನ ಬಿಳಿ ಓರೆ ಶಿಲುಬೆಯ ಮೇಲೆ ಕೂರಿಸಿದರು. ನಮ್ಮದು ಅಡಿಗೆ ಬಿತ್ತು ಅಂತ ಸ್ಕಾಟಿಷ್ ನಾವಿಕರು ಆಗಲೇ ತಕರಾರು ತೆಗೆದಿದ್ದರು. 1801ರಲ್ಲಿ ಐರ್ಲೆಂಡಿನ ಕೆಂಪು ಓರೆ ಶಿಲುಬೆ ಬಂತು. ಅದನ್ನು ಬಿಳಿಯ ನಟ್ಟನಡುವೆ ಇಟ್ಟಿದ್ದರೆ ಸ್ಕಾಟ್ಲೆಂಡ್ ಬರೀ ಅಂಚಾಗಿ ಉಳೀತಿತ್ತು. ಅದಕ್ಕೇ ಪಕ್ಕಕ್ಕೆ ಸರಿಸಿದರು. ಗೌರವದ ಜಾಗವಾದ ಕಂಬದ ಕಡೆ ಬಿಳಿ ಮೇಲೆ, ಆಚೆ ಕಡೆ ಕೆಂಪು ಮೇಲೆ. ಎಷ್ಟು ಸೂಕ್ಷ್ಮವಾದ ರಾಜಿ! ನಡುವೆ ಕೆಂಪು ಗೆರೆಗಳು ನೇರ ಸೇರದೆ ಗಾಳಿಗಿರಗಟ್ಟೆಯ ರೆಕ್ಕೆಗಳ ಹಾಗೆ ಕಾಣೋದು ಇದರಿಂದಲೇ.

ಚಿತ್ರ ಬರೆಯೋರು ಕೆಂಪನ್ನು ಮಧ್ಯಕ್ಕೆ ತರ್ತಾರೆ. ಅಲ್ಲೇ ತಪ್ಪೋದು.

ಇನ್ನೊಂದು: ಚಿತ್ರವನ್ನು ಪೂರ್ತಿ ಅರ್ಧ ಸುತ್ತು ತಿರುಗಿಸಿದರೂ ಅದೇ ಬಾವುಟ. ಕನ್ನಡಿಯಲ್ಲಿ ಕಂಡಂತೆ ಮಗುಚಿದರೆ ಮಾತ್ರ ಕೆಡುತ್ತೆ. ಹಗ್ಗಕ್ಕೆ ತಪ್ಪು ಮೂಲೆ ಕಟ್ಟಿದಾಗ ಆಗೋದು ಇದೇ.

ವೇಲ್ಸ್ ಮಾತ್ರ ಇದರಲ್ಲಿ ಎಲ್ಲೂ ಇಲ್ಲ. 1606ರ ಹೊತ್ತಿಗೆ ಅದನ್ನು ಇಂಗ್ಲೆಂಡಿನ ಭಾಗ ಅಂತಲೇ ಲೆಕ್ಕ ಹಾಕಿದ್ದರು. 1922ರಲ್ಲಿ ಐರ್ಲೆಂಡಿನ ಬಹುಭಾಗ ಹೊರಟುಹೋಯ್ತು, ಅದರ ಕೆಂಪು ಗೆರೆ ಇನ್ನೂ ಅಲ್ಲೇ ಇದೆ.