ಕಡ್ಡಿ ಕತ್ತರಿಸಿದ ರಾಕೆಟ್ಟು

ನನ್ನ ಅಣ್ಣನೂ ನಾನೂ ಸೇರಿ ಮಾಡಿದ ಮೊದಲ ರಾಕೆಟ್ಟು ಒಂದು ಬೆಂಕಿಕಡ್ಡಿಗಿಂತ ದೊಡ್ಡದಿರಲಿಲ್ಲ. ಸಿಗರೇಟು ಪೊಟ್ಟಣದೊಳಗಿನ ಬೆಳ್ಳಿ ಕಾಗದವನ್ನು ಕಡ್ಡಿಯ ಮದ್ದಿನ ತಲೆಗೆ ಬಿಗಿಯಾಗಿ ಸುತ್ತಿ, ಪಿನ್ನಿನಿಂದ ಹೊಗೆ ಹೊರಬರಲು ಒಂದು ಸಣ್ಣ ದಾರಿ ಮಾಡಿ, ಬಗ್ಗಿಸಿದ ತಂತಿಯ ಮೇಲೆ ಓರೆಯಾಗಿ ಇಟ್ಟು, ಕೆಳಗಿನಿಂದ ಇನ್ನೊಂದು ಕಡ್ಡಿಯ ಉರಿ ಹಿಡಿದರೆ, ಅದು ಜಗಲಿಯ ಈ ಕಂಬದಿಂದ ಆ ಕಂಬದವರೆಗೆ ಬಿಳಿಯ ಹೊಗೆಯ ಗೆರೆ ಎಳೆದು ಬೀಳುತ್ತಿತ್ತು. ಆ ಎರಡು ಕಂಬಗಳ ನಡುವಿನ ಅಂತರ ನಮಗೆ ಬಹಳ ದೊಡ್ಡದಾಗಿತ್ತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು. ಹಿಂದೆ ಬಿದನೂರು ಎಂದು ಕರೆಯುತ್ತಿದ್ದ, ಕೆಳದಿಯ ಅರಸರ ಕೊನೆಯ ರಾಜಧಾನಿಯಾಗಿದ್ದ, 1763ರಲ್ಲಿ ಹೈದರಾಲಿಯ ವಶವಾಗಿ ಹೈದರ್‌ನಗರವೆನಿಸಿಕೊಂಡ, ಈಗ ‘ನಗರ’ ಎಂದೇ ಕರೆಯುವ ಊರಿನ ಕೋಟೆ ನಮ್ಮ ಮನೆಗೆ ಹತ್ತಿರದಲ್ಲಿಯೇ ಇತ್ತು. ಶಾಲೆಯಿಂದ ಅಲ್ಲಿಗೆ ಕರೆದುಕೊಂಡು ಹೋದಾಗ ನಾವು ನೋಡಿದ್ದು ಪಾಚಿಗಟ್ಟಿದ ಕಲ್ಲುಗಳನ್ನು ಮತ್ತು ಕೊಳವನ್ನು ಮಾತ್ರ. ಈ ಮಾತಿಗೆ ಮುಂದೆ ಬರುತ್ತೇನೆ.

1993ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿಯ ಮೊದಲ ಹಾರಾಟ ನಡೆಯಿತು. ಆಗ ಅಣ್ಣ ಒಂಬತ್ತನೆಯ ತರಗತಿಯಲ್ಲಿದ್ದ, ನಾನು ಆರನೆಯದರಲ್ಲಿದ್ದೆ. ಮಳೆಗಾಲದ ಕೊನೆಯ ಆ ದಿನಗಳಲ್ಲಿ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚಾಗಿತ್ತಾದ್ದರಿಂದ, ಬ್ಯಾಟರಿ ಹಾಕಿದ ರೇಡಿಯೋವನ್ನು ಅಪ್ಪ ಕಿವಿಗೆ ಹತ್ತಿರ ಹಿಡಿದು ವಾರ್ತೆ ಕೇಳಿ, ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿತ್ತಂತೆ ಎಂದು ನಮಗೆ ಹೇಳಿದರು. ಎಂಜಿನ್ನುಗಳು ಉರಿದಿದ್ದವು, ಹಂತಗಳು ಕಳಚಿಕೊಂಡಿದ್ದವು, ಆದರೂ ನಡುದಾರಿಯಲ್ಲಿ ದಿಕ್ಕಿನ ಹತೋಟಿ ತಪ್ಪಿತ್ತು ಎಂಬ ವಿವರ ನಂತರದ ಪತ್ರಿಕೆಗಳಲ್ಲಿ ಬಂದಾಗ, ಅಣ್ಣ ಅದನ್ನು ಕತ್ತರಿಸಿ ತನ್ನ ನೋಟುಬುಕ್ಕಿಗೆ ಅಂಟಿಸಿಕೊಂಡ. ಅಷ್ಟು ಶಕ್ತಿಯಿರುವ ವಸ್ತು ಬರಿಯ ದಿಕ್ಕು ತಪ್ಪಿದ್ದಕ್ಕೆ ಏಕೆ ಬೀಳಬೇಕು ಎಂಬ ಪ್ರಶ್ನೆ ಅವನನ್ನು ವಾರಗಟ್ಟಲೆ ಬಿಡಲಿಲ್ಲ.

ಅದರ ಉತ್ತರವನ್ನು ಅವನು ದೀಪಾವಳಿಯ ರಾಕೆಟ್ಟುಗಳಲ್ಲಿ ಹುಡುಕಿದ. ಹಬ್ಬದಲ್ಲಿ ಹಾರಿಸದೆ ಅಟ್ಟದ ಮೇಲೆ ಉಳಿಸಿಟ್ಟಿದ್ದ ಐದು ರಾಕೆಟ್ಟುಗಳನ್ನು ಸಂಕ್ರಾಂತಿಯ ಹೊತ್ತಿಗೆ ಕೆಳಗಿಳಿಸಿ, ಒಂದರ ಕಡ್ಡಿಯನ್ನು ಹಾಗೆಯೇ ಬಿಟ್ಟು, ಇನ್ನೊಂದರ ಕಡ್ಡಿಯನ್ನು ಕಾಲುಭಾಗ, ಮತ್ತೊಂದರದನ್ನು ಅರ್ಧ ಕತ್ತರಿಸಿ ಒಂದೊಂದಾಗಿ ಹಾರಿಸಿದ. ಮೊದಲನೆಯದು ನೆಟ್ಟಗೆ ಏರಿತು. ಎರಡನೆಯದು ತೂಗಾಡುತ್ತ ಏರಿತು. ಅರ್ಧ ಕಡ್ಡಿಯದು ಆಳೆತ್ತರಕ್ಕೆ ಹೋದದ್ದೇ ತಲೆ ತಿರುಗಿಸಿ, ಗದ್ದೆಯ ಬದುವಿನಗುಂಟ ಹಾವಿನಂತೆ ಓಡಿ, ಆಗಷ್ಟೇ ಒಟ್ಟಿದ್ದ ಹುಲ್ಲಿನ ಗೊಣಬೆಯ ಬುಡಕ್ಕೆ ನುಗ್ಗಿತು. ಅಪ್ಪನೂ ಆಳುಗಳೂ ಕೊಡಗಳಲ್ಲಿ ನೀರು ಹೊತ್ತು ಆರಿಸುವಷ್ಟರಲ್ಲಿ ಒಂದು ಮಗ್ಗುಲು ಕಪ್ಪಾಗಿತ್ತು. ದನಗಳ ವರ್ಷದ ಮೇವು ಅದು. ಆ ಸಂಜೆ ಅಪ್ಪ ಬೈಯಲಿಲ್ಲ. ಉಳಿದ ಎರಡು ರಾಕೆಟ್ಟುಗಳನ್ನು ಬಚ್ಚಲಿನ ಹಂಡೆಯೊಳಗೆ ಮುಳುಗಿಸಿಟ್ಟು, ಇನ್ನು ಮುಂದೆ ಬೆಂಕಿ ಹಾಕಿ ಏನನ್ನೂ ಹಾರಿಸಕೂಡದು ಎಂದಷ್ಟೇ ಹೇಳಿದರು.

ಕಡ್ಡಿಯ ಕೆಲಸವೇನೆಂದು ಅಣ್ಣನಿಗೆ ತಿಳಿಸಿಕೊಟ್ಟವರು ಅವನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ರಾಕೆಟ್ಟಿನ ಭಾರವೆಲ್ಲ ಮುಂದಿದ್ದು, ಗಾಳಿಗೆ ಅಡ್ಡವಾಗುವ ಭಾಗ ಹಿಂದಿರಬೇಕು. ಆಗ ಮೂತಿ ಒಂದಿಷ್ಟು ಓರೆಯಾದರೂ, ಗಾಳಿಯು ಹಿಂದಿನ ಕಡ್ಡಿಯನ್ನು ಪಕ್ಕದಿಂದ ಒತ್ತಿ ಮೂತಿಯನ್ನು ಮತ್ತೆ ದಾರಿಗೆ ತರುತ್ತದೆ. ಕಡ್ಡಿ ಗಿಡ್ಡವಾದರೆ ಭಾರದ ಕೇಂದ್ರ ಮುಂದಕ್ಕೆ ಸರಿಯುತ್ತದೆಂಬುದು ನಿಜವಾದರೂ, ಗಾಳಿಯ ಒತ್ತಡ ಬೀಳುವ ಜಾಗ ಅದಕ್ಕಿಂತಲೂ ಮುಂದಕ್ಕೆ ಬಂದುಬಿಡುತ್ತದೆ. ಮೇಷ್ಟ್ರು ಒಂದು ಪರೀಕ್ಷೆಯನ್ನೂ ಹೇಳಿಕೊಟ್ಟರು: ರಾಕೆಟ್ಟು ಸಮತೂಕದಲ್ಲಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ ತಲೆಯ ಸುತ್ತ ಬೀಸಬೇಕು, ಮೂತಿ ಮುಂದಾಗಿ ಸುತ್ತಿದರೆ ಹಾರಿಸಬಹುದು, ಅಡ್ಡಡ್ಡ ಸುತ್ತಿದರೆ ಹಾರಿಸಬಾರದು. ಗೊಣಬೆ ಸುಡುವ ಮೊದಲೇ ಇದು ತಿಳಿದಿದ್ದರೆ ಎಂದು ಅಣ್ಣ ಬಹಳ ದಿನ ಹೇಳುತ್ತಿದ್ದ.

ಬೆಂಕಿ ನಿಷಿದ್ಧವಾದ ಮೇಲೆ ಉಳಿದದ್ದು ನೀರು. ಆ ವರ್ಷದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಬಂದ ಸೋದರಮಾವ ಒಂದೂವರೆ ಲೀಟರಿನ ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಯನ್ನು ಮನೆಯಲ್ಲಿ ಬಿಟ್ಟು ಹೋದರು. ಅದು ನಮ್ಮ ಊರಿಗೆ ಬಂದ ಅಂಥ ಮೊದಲ ಬಾಟಲಿಯಾಗಿದ್ದಿರಬಹುದು. ಅಮ್ಮ ಅದರಲ್ಲಿ ಎಣ್ಣೆ ತುಂಬಿಡುವ ಮೊದಲೇ ನಾವು ಅದನ್ನು ಬೇಡಿ ಪಡೆದೆವು. ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ದುಂಡಗೆ ಕತ್ತರಿಸಿ, ಎರಡು ಪದರ ಜೋಡಿಸಿ ಬಿರಡೆ ಮಾಡಿ, ನಡುವೆ ಸೈಕಲ್ ಟ್ಯೂಬಿನ ವಾಲ್ವನ್ನು ತೂರಿಸಿದೆವು. ರೆಕ್ಕೆಗಳಿಗೆ ರಟ್ಟು ಹಾಕಿದರೆ ನೀರಿಗೆ ನೆನೆದು ಮುದುಡುತ್ತಿತ್ತು. ಅದರ ಬದಲಿಗೆ ಒಣಗಿದ ಅಡಿಕೆ ಹಾಳೆಯನ್ನು ಕತ್ತರಿಸಿದ್ದು ನನ್ನ ಸಲಹೆಯೆಂದು ಇಂದಿಗೂ ಸಂತೋಷಪಡುತ್ತೇನೆ. ಹಾಳೆ ಹಗುರ, ಗಟ್ಟಿ, ನೀರಿಗೆ ಬೇಗ ಸೋಲುವುದಿಲ್ಲ. ಅದನ್ನು ಬಾಟಲಿಗೆ ಕಟ್ಟಲು ಟ್ಯೂಬಿನ ರಬ್ಬರ್ ಪಟ್ಟಿ, ಮೂತಿಗೆ ಭಾರವಾಗಿ ಹುತ್ತದ ಮಣ್ಣಿನ ಉಂಡೆ, ಓರೆಯಾಗದಂತೆ ನಿಲ್ಲಿಸಲು ನೆಲಕ್ಕೆ ಹುಗಿದ ಮೂರು ಅಡಿಕೆ ದಬ್ಬೆಗಳು.

ನೀರೆಷ್ಟು ಹಾಕಬೇಕೆಂಬುದು ದೊಡ್ಡ ಚರ್ಚೆಯಾಯಿತು. ನೀರೇ ಇಲ್ಲದಿದ್ದರೆ ಒತ್ತಿದ ಗಾಳಿ ಒಮ್ಮೆಲೇ ಹೊರನುಗ್ಗಿ, ಹಿಂದಕ್ಕೆ ತಳ್ಳಲು ಭಾರವಿಲ್ಲದೆ ಬಾಟಲಿ ಸ್ವಲ್ಪ ನೆಗೆದು ಬೀಳುತ್ತಿತ್ತು. ತುಂಬ ನೀರಿದ್ದರೆ ಗಾಳಿಗೆ ಜಾಗವಿಲ್ಲದೆ, ನೀರು ಸುರಿಸಿ ಅಲ್ಲಿಯೇ ಉರುಳುತ್ತಿತ್ತು. ಲೋಟದ ಲೆಕ್ಕದಲ್ಲಿ ಹಾಕಿ, ಪ್ರತಿ ಸಲವೂ ಎತ್ತರವನ್ನು ನೋಟುಬುಕ್ಕಿನಲ್ಲಿ ಬರೆದು, ಕೊನೆಗೆ ಬಾಟಲಿಯ ಮೂರನೆಯ ಒಂದು ಭಾಗದಷ್ಟು ನೀರು ಒಳ್ಳೆಯದೆಂಬ ತೀರ್ಮಾನಕ್ಕೆ ಬಂದೆವು. ಎತ್ತರ ಅಳೆಯುವ ಉಪಾಯ ಅಣ್ಣನದು. ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕಕ್ಕೆ ದಾರದಲ್ಲಿ ಕಲ್ಲು ಕಟ್ಟಿ ತೂಗಬಿಟ್ಟು, 20 ಮೀಟರ್ ದೂರದಲ್ಲಿ ನಾನು ನಿಂತು, ಬಾಟಲಿ ತುದಿ ಮುಟ್ಟಿದ ಕ್ಷಣದಲ್ಲಿ ಕೋನವನ್ನು ಓದಿ ಕೂಗಬೇಕಿತ್ತು. ನಲವತ್ತು ಡಿಗ್ರಿ ಎಂದು ನಾನು ಕೂಗಿದ ದಿನ, ಅವನು ಕೋಷ್ಟಕ ನೋಡಿ, ನನ್ನ ಕಣ್ಣಿನ ಎತ್ತರವನ್ನೂ ಕೂಡಿಸಿ, 18 ಮೀಟರ್ ಎಂದ. ಅದು ನಮ್ಮ ತೋಟದ ಹಳೆಯ ಅಡಿಕೆ ಮರಗಳ ಎತ್ತರ.

ಆ ಹಾರಾಟವನ್ನು ನಾನು ಇಂದಿಗೂ ಒಂದೊಂದು ಗಳಿಗೆಯಾಗಿ ಕಾಣಬಲ್ಲೆ. ಅಣ್ಣ ಪಂಪು ಹೊಡೆಯುತ್ತ ಎಣಿಸುತ್ತಿದ್ದ. ಹತ್ತರ ಮೇಲೆ ಬಿರಡೆ ಕಿರುಗುಟ್ಟತೊಡಗಿತು, ಹನ್ನೊಂದಕ್ಕೆ ಒಂದು ಹನಿ ಜಿನುಗಿತು, ಹನ್ನೆರಡಕ್ಕೆ ಢಬ್ ಎಂದು ಸಿಡಿದು ಅವನ ಮುಖ, ಅಂಗಿ, ಪುಸ್ತಕ ಎಲ್ಲವೂ ತೊಯ್ದುಹೋದವು. ನಾನು ತಲೆಯೆತ್ತಿದಾಗ ಬಾಟಲಿ ಬಿಸಿಲಿನಲ್ಲಿ ಮಿನುಗುತ್ತ, ನೀರಿನ ಬಿಳಿಯ ಬಾಲವನ್ನು ಕೆಳಗೆ ಬಿಟ್ಟು, ಸದ್ದೇ ಇಲ್ಲದೆ ಏರುತ್ತಿತ್ತು. ಬೆಂಕಿಯ ರಾಕೆಟ್ಟಿನಲ್ಲಿ ಈ ಮೌನ ಇರುವುದಿಲ್ಲ. ಮೇಲೆ ಹೋಗಿ, ಒಂದು ಕ್ಷಣ ನಿಂತು, ತೋಟದ ಕಡೆಗೆ ಬಾಗಿ, ಅಡಿಕೆ ಮರವೊಂದರ ಸೋಗೆಗಳ ನಡುವೆ ಸಿಕ್ಕಿಕೊಂಡಿತು. ಕಲ್ಲು ಹೊಡೆದೆವು, ದೋಟಿಗೆ ದೋಟಿ ಕಟ್ಟಿ ಎಟುಕಿಸಿದೆವು, ಬರಲಿಲ್ಲ. ಆ ವರ್ಷ ಬಾಟಲಿಯಿಲ್ಲದೆಯೇ ಮಳೆಗಾಲ ಕಳೆಯಿತು.

ಅಕ್ಟೋಬರ್ 15ರಂದು ಪಿಎಸ್‌ಎಲ್‌ವಿಯ ಎರಡನೆಯ ಹಾರಾಟ 804 ಕಿಲೋ ತೂಕದ ಐಆರ್‌ಎಸ್-ಪಿ2 ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಣ್ಣ ಆ ಸುದ್ದಿಯನ್ನು ಹಿಂದಿನ ವರ್ಷದ ಕತ್ತರಿಕೆಯ ಎದುರಿನ ಪುಟದಲ್ಲಿ ಅಂಟಿಸಿದ. ಕೊಯ್ಲಿನ ಸಮಯದಲ್ಲಿ ಕೊನೆಗಾರ ಮರದಿಂದ ಇಳಿಯುವಾಗ, ಅಡಿಕೆ ಗೊನೆಯ ಜೊತೆಗೆ ನಮ್ಮ ಬಾಟಲಿಯನ್ನೂ ಹಗ್ಗದಲ್ಲಿ ಇಳಿಬಿಟ್ಟ. ಹಾಳೆಯ ರೆಕ್ಕೆಗಳು ಕೊಳೆತುಹೋಗಿದ್ದವು, ಒಳಗೆ ಇರುವೆಗಳು ಗೂಡು ಕಟ್ಟಿದ್ದವು. ಅಷ್ಟರಲ್ಲಿ ಅಣ್ಣ ಹತ್ತನೆಯ ತರಗತಿಯ ಪರೀಕ್ಷೆಗೆ ಓದಲು ಕುಳಿತಿದ್ದ. ಒಬ್ಬನೇ ಪಂಪು ಹೊಡೆದು ಒಬ್ಬನೇ ಕೋನ ಓದಲು ಆಗುವುದಿಲ್ಲ. ನಾನು ಅದನ್ನು ಮತ್ತೆ ಹಾರಿಸಲಿಲ್ಲ.

2018ರ ಜುಲೈನಲ್ಲಿ ನಗರದ ಪಾಳುಬಾವಿಯೊಂದರ ಹೂಳು ತೆಗೆಯುವಾಗ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವೆಂದು ಪತ್ರಿಕೆಯಲ್ಲಿ ಓದಿದಾಗ, ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಬ್ರಿಟಿಷರ ಸೇನೆಯನ್ನು ಕಂಗೆಡಿಸಿದ, ಮುಂದೆ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಲು ಪ್ರೇರಣೆಯಾದ ಅಸ್ತ್ರಗಳು ಅವು. ಕಾಗದದ ಬದಲು ಕಬ್ಬಿಣದ ಕೊಳವೆ ಬಳಸಿದ್ದರಿಂದ ಒಳಗಿನ ಮದ್ದು ಹೆಚ್ಚಿನ ಒತ್ತಡದಲ್ಲಿ ಉರಿದು ಹೆಚ್ಚು ದೂರ ಹೋಗುತ್ತಿದ್ದವು. ನಾವು ಜಗಲಿಯ ಕಂಬಗಳ ನಡುವೆ ಬೆಂಕಿಕಡ್ಡಿ ಹಾರಿಸುತ್ತಿದ್ದಷ್ಟು ಕಾಲವೂ ಅವು ಕೆಲವೇ ಮೈಲಿಗಳಾಚೆ, ಕೆಸರಿನೊಳಗೆ ಮಲಗಿದ್ದವು.

ಕಿಲುಬು ಹಿಡಿದ ಆ ಕೊಳವೆಗಳ ಚಿತ್ರವನ್ನು ಬೇರೆ ದೇಶದಲ್ಲಿರುವ ಅಣ್ಣನಿಗೆ ಕಳಿಸಿದೆ. ಅಲ್ಲಿ ಆಗ ನಡುರಾತ್ರಿಯಾಗಿದ್ದಿರಬೇಕು, ಆದರೂ ಐದೇ ನಿಮಿಷದಲ್ಲಿ ಅವನ ಉತ್ತರ ಬಂತು: "ಕಡ್ಡಿ ಎಲ್ಲಿ?" ಬಿದಿರು ಕೊಳೆತುಹೋಗಿರುತ್ತದೆ, ಕಬ್ಬಿಣವಷ್ಟೇ ಉಳಿದಿದೆ ಎಂದು ಬರೆದೆ. ಆಮೇಲೆ ಅವನು ಫೋನು ಮಾಡಿದ. ಆ ಕೊಳವೆಯ ತೂಕಕ್ಕೆ ಬಿದಿರು ಎಷ್ಟು ಉದ್ದವಿರಬೇಕಾಗಿತ್ತೆಂದು ಲೆಕ್ಕ ಹಾಕುತ್ತ, ಅಲ್ಲಿ ಬೆಳಗಾಗುವವರೆಗೂ ನಾವು ಮಾತನಾಡಿದೆವು.