ಎಲ್ಲಾ ಸೇರಿದೆ ಅಂದುಬಿಟ್ಟೆ

ಒಂದು ಅಣೆಕಟ್ಟು ಯೋಜನೆಯ ಬಗ್ಗೆ ಜನರ ಅಹವಾಲು ಕೇಳುವ ಜನಸುನಾವಣಿ ಮುಗಿದು ಆರು ತಿಂಗಳಾಯಿತು. ಅಲ್ಲಿ ನಾನು ಆಡಿದ ಒಂದು ಮಾತು ಇನ್ನೂ ಚುಚ್ಚುತ್ತಿದೆ.

ಪುಣೆಯ ಬಾಣೇರ್‌ನಲ್ಲಿ ನಮ್ಮ ಆಫೀಸು. ಜಲವಿದ್ಯುತ್ ಯೋಜನೆಗಳ ಡಿಪಿಆರ್ (ವಿವರವಾದ ಯೋಜನಾ ವರದಿ) ಮಾಡುತ್ತೇವೆ. ನನ್ನದು ಸಿವಿಲ್ ಎಸ್ಟಿಮೇಟ್. ಬಿಒಕ್ಯೂಗೆ, ಅಂದರೆ ಕೆಲಸ-ಸಾಮಗ್ರಿಗಳ ಪ್ರಮಾಣಪಟ್ಟಿಗೆ, ರೇಟ್ ಕೂರಿಸಿ ಹಾರ್ಡ್ ಕಾಸ್ಟ್ (ಬಡ್ಡಿ ಬಿಟ್ಟ ಖರ್ಚು) ತೆಗೆದರೆ, ಐಡಿಸಿ, ಅಂದರೆ ಕಟ್ಟುವ ಅವಧಿಯ ಬಡ್ಡಿ, ಫೈನಾನ್ಸ್‌ನವರ ಕೆಲಸ. ಕಳೆದ ವರ್ಷ ಘಟ್ಟದ ಕಡೆಯ ಒಂದು ಪಂಪ್ಡ್ ಸ್ಟೋರೇಜ್ ಯೋಜನೆ ಬಂತು. ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಸರ್ಕಾರದ ದುಡ್ಡು. ಹೆಸರು ಬೇಡ.

ಸೈಟಿನಲ್ಲಿ ಡ್ರಿಲ್ಲಿಂಗ್ ನೋಡಿಕೊಳ್ಳುತ್ತಿದ್ದವರು ಬಾಗಲಕೋಟೆ ಕಡೆಯವರು. ಎಲ್ಲರೂ ಕಾಕಾ ಅನ್ನುತ್ತಿದ್ದರು. ಕನ್ನಡದವರು ನಾವಿಬ್ಬರೇ, ಹಾಗಾಗಿ ಊಟಕ್ಕೆ ಒಟ್ಟಿಗೇ ಕೂರುತ್ತಿದ್ದೆವು. ಒಂದು ಮಧ್ಯಾಹ್ನ ಊಟ ಮುಗಿಸಿ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಬಿಎಚ್-7ರ, ಅಂದರೆ ಏಳನೇ ಬೋರ್‌ಹೋಲ್‌ನ, ಕೋರ್ ಬಾಕ್ಸ್ ತೆಗೆದರು. ಕೊರೆದಾಗ ಬಂದ ಕಲ್ಲಿನ ತುಂಡುಗಳನ್ನು ಜೋಡಿಸಿಡುವ ಪೆಟ್ಟಿಗೆ ಅದು. ಮೇಲೂ ಕೆಳಗೂ ಗಟ್ಟಿ ಕಪ್ಪು ಬಸಾಲ್ಟ್, ಮೊಳದುದ್ದದ ತುಂಡುಗಳು. ನಡುವೆ ಇಟ್ಟಿಗೆ ಬಣ್ಣದ ಪದರ. ರೆಡ್ ಬೋಲ್, ಬಸಾಲ್ಟ್ ಪದರಗಳ ನಡುವಿನ ಕೆಂಪು ಜೇಡಿ. ಕಾಕಾ ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಹೆಬ್ಬೆರಳಲ್ಲಿ ಒತ್ತಿದರು. ಕಲ್ಲಿನ ಹಾಗೆ ಕಂಡದ್ದು ಒದ್ದೆ ಕುಂಕುಮದ ಹಾಗೆ ಬೆರಳಿಗೆ ಮೆತ್ತಿಕೊಂಡಿತು.

"ಸರ, ಇದು ಟನಲ್‌ನ್ಯಾಗ ಸಿಕ್ಕರ ರಾಡಿ ಆಗತೈತಿ. ರೊಕ್ಕ ತಿಂತೈತಿ. ಬರಕೊಳ್ರಿ."

ಬರೆದುಕೊಂಡೆ. ಶೀಟಿನ 212ನೇ ಸಾಲು ಅದು. ಎಚ್‌ಆರ್‌ಟಿಗೆ, ಅಂದರೆ ನೀರು ತರುವ ಮುಖ್ಯ ಸುರಂಗಕ್ಕೆ, ಕುಸಿಯದಂತೆ ಹೆಚ್ಚುವರಿ ಆಧಾರ: ಸ್ಟೀಲ್ ರಿಬ್, ಗ್ರೌಟಿಂಗ್, ಶಾಟ್‌ಕ್ರೀಟ್. ಅದರಿಂದ ಆಗುವ ತಡಕ್ಕೂ ಒಂದಿಷ್ಟು ಹಣ.

ಕ್ಲೈಂಟ್ ರಿವ್ಯೂಗೆ ಎರಡು ದಿನ ಇತ್ತು. ಟ್ಯಾರಿಫ್ (ವಿದ್ಯುತ್ ದರ) ಜಾಸ್ತಿ ಬರುತ್ತಿದೆ ಅಂತ ಫೈನಾನ್ಸ್‌ನವರ ಗಲಾಟೆ. ಬಾಸ್ ನನ್ನ ಪಕ್ಕ ಕುರ್ಚಿ ಎಳೆದು ಕೂತು ಶೀಟ್ ಮೇಲೆ ಕೆಳಗೆ ಮಾಡಿದರು. 212ರ ಹತ್ತಿರ ನಿಂತರು. "ಇದನ್ನ ತೆಗೀರಿ. ಟೆಂಡರ್ ಟೈಮಲ್ಲಿ ನೋಡೋಣ."

ತೆಗೆದೆ. ಒಂಬತ್ತು ಹೋಲ್‌ನಲ್ಲಿ ಎರಡರಲ್ಲಿ ಮಾತ್ರ ಸಿಕ್ಕಿದೆಯಲ್ವಾ ಅಂತ ಸಮಾಧಾನ ಹೇಳಿಕೊಂಡೆ. ನಮ್ಮ ಟೆಂಪ್ಲೇಟಿನ ಮೇಲೂ ತಪ್ಪು ಹೊರಿಸಿದೆ. ಅದರಲ್ಲಿ ಒಟ್ಟು ಖರ್ಚಿಗೆ ಇರುವುದು ಒಂದೇ ಸೆಲ್. ಇಷ್ಟರಿಂದ ಇಷ್ಟರವರೆಗೆ ಆಗಬಹುದು ಅಂತ ಬರೆಯಲು ಜಾಗವೇ ಇಲ್ಲ. ಈ ಮಾತು ನಿಜ, ಮ್ಯಾನೇಜ್‌ಮೆಂಟಿಗೆ ಎಷ್ಟು ಸಲ ಹೇಳಿದರೂ ಬದಲಾಗಿಲ್ಲ. ಆದರೆ ಡಿಲೀಟ್ ಒತ್ತಿದ್ದು ಟೆಂಪ್ಲೇಟ್ ಅಲ್ಲ, ನಾನು. ಇದು ನಮ್ಮೊಳಗಿನ ಲೆಕ್ಕ, ಜನರ ಮುಂದೆ ಹೋಗುವಷ್ಟರಲ್ಲಿ ಸರಿಮಾಡಬಹುದು ಅಂದುಕೊಂಡೆ. ಅದೇ ಮೊತ್ತ ಜನರಿಗೆ ಕೊಡುವ ಸಾರಾಂಶಕ್ಕೆ, ಅಂದರೆ ಸಮರಿಗೆ, ಹೋಯಿತು, ಅಲ್ಲಿಂದ ಮರಾಠಿ ಪೇಪರಿಗೆ.

ಜನಸುನಾವಣಿ ಹಳ್ಳಿಯ ಶಾಲೆಯ ಅಂಗಳದಲ್ಲಿತ್ತು. ಪರ ಮಾತಾಡಿದವರೂ ಇದ್ದರು. ರಸ್ತೆ ಬರುತ್ತೆ, ಕೆಲಸ ಸಿಗುತ್ತೆ ಅಂದರು. ಒಬ್ಬ ಅಜ್ಜ ಪುಣೆ ಹತ್ತಿರದ ಮುಳಶಿಯ ಹೆಸರೆತ್ತಿದರು. 1921ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರ ಜೊತೆ ಅಲ್ಲಿಯ ರೈತರು ಟಾಟಾ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ಮಾಡಿದ್ದನ್ನು ಈ ಕಡೆ ಮನೆಮನೆಯಲ್ಲೂ ಹೇಳುತ್ತಾರೆ. ಕೊನೆಗೆ ರಿಟೈರ್ಡ್ ಮೇಷ್ಟ್ರೊಬ್ಬರು ಎದ್ದರು. ಕೈಯಲ್ಲಿ ನೋಟ್‌ಬುಕ್ ಇತ್ತು.

"ಈ ಮೊತ್ತ ಯಾವ ವರ್ಷದ ದರದಲ್ಲಿ? ಬಡ್ಡಿ ಸೇರಿದೆಯಾ? ಸುರಂಗದಲ್ಲಿ ಕೆಟ್ಟ ಕಲ್ಲು ಸಿಕ್ಕರೆ ಆ ಖರ್ಚು ಇದರಲ್ಲೇ ಇದೆಯಾ?"

ಬಾಸ್ ಮೈಕನ್ನು ನನ್ನ ಕೈಗೆ ಕೊಟ್ಟರು. ಮೊದಲ ಎರಡಕ್ಕೆ ಸರಿಯಾಗೇ ಹೇಳಿದೆ. ಮೂರನೆಯದಕ್ಕೆ ಬಾಯಿ ಕಟ್ಟಿತು. ಮೈಕ್ ಕುಯ್ಯೋ ಅಂತಿತ್ತು. ಮೇಷ್ಟ್ರು ಪೆನ್ನಿನ ಕ್ಯಾಪ್ ತೆಗೆದು ಕಾಯುತ್ತಿದ್ದರು. ಹಿಂದೆ ಗೋಡೆಗೆ ಒರಗಿ ಕಾಕಾ ನಿಂತಿದ್ದರು. ಇಲ್ಲ, ಆ ಖರ್ಚು ಬಿಟ್ಟಿದ್ದೇವೆ ಅನ್ನಲು ಒಂದೇ ವಾಕ್ಯ ಸಾಕಿತ್ತು. ಬಾಸ್ ಮುಖ ನೋಡಿದೆ. ಆಮೇಲೆ ಮರಾಠಿಯಲ್ಲಿ "ಸಗಳಂ ಧರೂನ್ ಆಹೇ" ಅಂದೆ. ಎಲ್ಲಾ ಸೇರಿದೆ ಅಂತ. ಮೇಷ್ಟ್ರು ಬರೆದುಕೊಂಡು ಕೂತರು. ಕಾಕಾ ತಲೆ ತಗ್ಗಿಸಿ ಹೊರಗೆ ಹೋದರು.

ಜೀಪಿನ ಹತ್ತಿರ ಸಿಕ್ಕಾಗ ಅವರು ಬೈಯಲಿಲ್ಲ. "ನಮ್ಮ ಮನಿ ಮುಳುಗಡಿ ಆಗ್ಯಾದ್ರಿ ಸರ. ಅವಾಗೂ ಎಲ್ಲಾ ಹಿಡದೈತಿ ಅಂದಿದ್ರು" ಅಂದರು, ಅಷ್ಟೇ. ಅವರ ಬಾಗಲಕೋಟೆ ಕಡೆ ಮುಳುಗಡೆ ತಂದ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ. ನೀರಿನ ಮಟ್ಟವನ್ನು 519.60 ಮೀಟರಿಂದ 524.256ಕ್ಕೆ ಏರಿಸುವ ಮೂರನೇ ಹಂತ ಇನ್ನೂ ಮುಗಿದಿಲ್ಲ. ಆ ಹಂತದ ಅಂದಾಜು 17,207 ಕೋಟಿ ಇದ್ದದ್ದು 2017ರ ಹೊತ್ತಿಗೆ 51,148 ಕೋಟಿ ಆಗಿತ್ತು. ಮೊದಲ ಅಂಕಿ ನಂಬಿ ವಾದ ಮಾಡಿದವರಿಗೆ, ಪರ ಇರಲಿ ವಿರೋಧ ಇರಲಿ, ಏನು ಹೇಳುವುದು?

ಆ ರಾತ್ರಿ ನಿದ್ದೆ ಬರಲಿಲ್ಲ. ಕೆನಡಾದ ಲ್ಯಾಬ್ರಡಾರ್‌ನ ಮಸ್ಕ್‌ರಾಟ್ ಫಾಲ್ಸ್ ತನಿಖಾ ವರದಿ ತೆಗೆದು ಕೂತೆ. 824 ಮೆಗಾವ್ಯಾಟಿನ ಅಣೆಕಟ್ಟು. 2012ರಲ್ಲಿ ಒಪ್ಪಿಗೆ ಕೊಟ್ಟಾಗ ಬಡ್ಡಿ ಬಿಟ್ಟು 620 ಕೋಟಿ ಕೆನಡಾ ಡಾಲರ್. ಬಡ್ಡಿಯೂ ಸೇರಿ ಕೊನೆಗೆ 1,300 ಕೋಟಿ ದಾಟಿತು. ಸುಮಾರು 50 ಕೋಟಿ ಡಾಲರಿನ ರಿಸ್ಕ್ ಮೊತ್ತವನ್ನು ಎಸ್ಟಿಮೇಟಿನಿಂದ ಹೊರಗಿಟ್ಟಿದ್ದರು ಅಂತ ಕಮಿಷನರ್ ರಿಚರ್ಡ್ ಲೆಬ್ಲಾಂಕ್ 2020ರ ವರದಿಯಲ್ಲಿ ಬರೆದಿದ್ದಾರೆ. ಅದೂ ಒಂದು 212ನೇ ಸಾಲೇ. ಅದರ ಬಿಲ್ ಬಂದದ್ದು ಐದು ಲಕ್ಷ ಜನರಿರುವ ಒಂದು ಪ್ರಾಂತ್ಯದ ತಲೆ ಮೇಲೆ. ಇದು ಅಲ್ಲಿಯ ಕಥೆ ಮಾತ್ರ ಅಲ್ಲ. ಆಕ್ಸ್‌ಫರ್ಡ್‌ನವರು 2014ರಲ್ಲಿ 245 ದೊಡ್ಡ ಅಣೆಕಟ್ಟುಗಳ ಲೆಕ್ಕ ನೋಡಿದಾಗ, ಖರ್ಚು ಅಂದಾಜಿಗಿಂತ ಸರಾಸರಿ ಶೇ. 96 ಜಾಸ್ತಿ ಬಂದಿತ್ತು.

ನಾನು ಅಣೆಕಟ್ಟಿನ ವಿರೋಧಿ ಅಲ್ಲ. ಸೋಲಾರ್ ಜಾಸ್ತಿಯಾದಷ್ಟೂ ಸಂಜೆಯ ಹೊತ್ತಿಗೆ ಪಂಪ್ಡ್ ಸ್ಟೋರೇಜ್ ಬೇಕಾಗುತ್ತದೆ. ಆದರೆ ಬೇಕೋ ಬೇಡವೋ ಅಂತ ಜನ ಕೂತು ಮಾತಾಡುವಾಗ ಅವರ ಕೈಯಲ್ಲಿರುವುದು ನಾವು ಕೊಟ್ಟ ಒಂದು ಅಂಕಿ ಮಾತ್ರ.

ಬೆಳಿಗ್ಗೆ 212ನ್ನು ವಾಪಸ್ ಸೇರಿಸಿ, ಕೋರ್ ಬಾಕ್ಸ್ ಫೋಟೋ ಹಚ್ಚಿ, ಬಾಸ್‌ಗೂ ಕ್ಲೈಂಟ್‌ಗೂ ಒಂದೇ ಮೇಲ್ ಹಾಕಿದೆ. ಬಾಸ್ ಎರಡು ವಾರ ಮಾತು ಬಿಟ್ಟರು. ಈ ವರ್ಷದ ಅಪ್ರೈಸಲ್‌ನಲ್ಲಿ "ಟೀಮ್ ಸ್ಪಿರಿಟ್" ಕಡಿಮೆ ಅಂತ ಬರೆದಿದ್ದಾರೆ. ಪರಿಷ್ಕೃತ ಸಮರಿ ಹೊರಬರಲು ನಾಲ್ಕು ತಿಂಗಳು ಹಿಡಿಯಿತು.

ಅದು ಬಂದ ಭಾನುವಾರ ಬೈಕ್ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವತ್ತು ಹೇಳಿದ್ದು ಸುಳ್ಳು ಅಂತ ಒಪ್ಪಿಕೊಂಡೆ. ಅವರು ಚಹಾ ತರಿಸಿದರು. ಆ ನೋಟ್‌ಬುಕ್ ತೆಗೆದು, ಹಳೆಯ ಮೊತ್ತಕ್ಕೆ ಒಂದು ಗೆರೆ ಎಳೆದು, ಕೆಳಗೆ ಹೊಸದನ್ನು ಬರೆದರು. ಪೆನ್ ಎತ್ತದೆ ಕೇಳಿದರು:

"ಪಕ್ಕದಲ್ಲಿ ಇವತ್ತಿನ ತಾರೀಖು ಹಾಕಲಾ? ಮುಂದೆ ಮತ್ತೆ ಬದಲಾದರೆ ಗೊತ್ತಾಗಬೇಕಲ್ಲ."

ಹಾಕಿ ಅಂದೆ.